ಮೈ ಇಳಿಸಿಕೊಂಡ ಮಿಯಾಟಾ

ಯಾವುದೇ ಕಾರಿನ ಹೊಸ ತಲೆಮಾರು ಬಂದರೂ ಹಳೆಯದಕ್ಕಿಂತ ಒಂದಿಷ್ಟು ಉದ್ದ, ಒಂದಿಷ್ಟು ಅಗಲ, ಇನ್ನೊಂದಿಷ್ಟು ಭಾರ ಆಗಿಯೇ ಬರುತ್ತದೆ. ಸುರಕ್ಷತೆಯ ನಿಯಮಗಳು ಬಿಗಿಯಾಗುತ್ತವೆ, ಏರ್‌ಬ್ಯಾಗ್‌ಗಳು ಹೆಚ್ಚುತ್ತವೆ, ಗಿರಾಕಿಗೆ ಸ್ಪೀಕರು, ಸ್ಕ್ರೀನು ಎಲ್ಲವೂ ಬೇಕು. ಕಾರು ಭಾರವಾದರೆ ಎಂಜಿನ್ ದೊಡ್ಡದಾಗಬೇಕು, ಎಂಜಿನ್ ದೊಡ್ಡದಾದರೆ ಬ್ರೇಕು, ಬ್ರೇಕು ದೊಡ್ಡದಾದರೆ ಚಕ್ರ. ಈ ಸರಪಳಿಯನ್ನು ಕಡಿದು ಹಾಕಿದ ಕಾರು ಯಾವುದೆಂದು ಕೇಳಿದರೆ ನಾನು ಹೇಳುವ ಹೆಸರು ಮಾಜ್ದಾ ಎಂಎಕ್ಸ್-5. ಅಮೆರಿಕದವರ ಬಾಯಲ್ಲಿ ಅದು ಮಿಯಾಟಾ. ನಾನು ಹೇಳುತ್ತಿರುವುದು 2015ರಲ್ಲಿ ಮಾರುಕಟ್ಟೆಗೆ ಬಂದ ಅದರ ನಾಲ್ಕನೇ ತಲೆಮಾರಿನ ಬಗ್ಗೆ.

ಮೊದಲನೆಯದು ಕಾಣಿಸಿಕೊಂಡಿದ್ದು 1989ರ ಷಿಕಾಗೋ ಮೋಟಾರು ಮೇಳದಲ್ಲಿ. ಲೋಟಸ್ ಎಲಾನ್‌ನಂಥ ಅರವತ್ತರ ದಶಕದ ಬ್ರಿಟಿಷ್ ಓಪನ್ ಕಾರುಗಳ ಕಾಲ ಆಗಲೇ ಮುಗಿದಿತ್ತು. ಆ ಕಾರುಗಳ ಸುಖವನ್ನು ಉಳಿಸಿಕೊಂಡು, ಅವುಗಳ ರಿಪೇರಿ ಕಾಟವನ್ನು ಕಳೆದು ಕೊಟ್ಟವರು ಹಿರೋಷಿಮಾದ ಮಾಜ್ದಾದವರು. 1.6 ಲೀಟರ್ ಎಂಜಿನ್, ಹಿಂಚಕ್ರಗಳಿಗೆ ಶಕ್ತಿ, ಎರಡೇ ಸೀಟು, ಸ್ವಿಚ್ಚು ಒತ್ತಿದರೆ ಬಾನೆಟ್ಟಿನಿಂದ ಎದ್ದು ನಿಲ್ಲುವ ದೀಪಗಳು. 1998ರ ಎರಡನೇ ತಲೆಮಾರಿನಲ್ಲಿ ಆ ದೀಪಗಳು ಹೋದವು. 2005ರ ಮೂರನೆಯದು ಆರ್‌ಎಕ್ಸ್-8 ಎಂಬ ದೊಡ್ಡಣ್ಣನ ಜೊತೆ ಅಡಿಗಟ್ಟಿನ ಭಾಗಗಳನ್ನು ಹಂಚಿಕೊಂಡು ಮೈ ಬೆಳೆಸಿತು. ಕೆಟ್ಟ ಕಾರಲ್ಲ, ತಿರುವುಗಳಲ್ಲಿ ಸೊಗಸಾಗಿಯೇ ಹೋಗುತ್ತದೆ. ಆದರೆ ಇನ್ನೊಂದು ಸಲ ಹಾಗೆ ಬೆಳೆದಿದ್ದರೆ ಆ ಹೆಸರಿಗೆ ಅರ್ಥವಿರುತ್ತಿರಲಿಲ್ಲ.

ನಾಲ್ಕನೆಯದರ ಹೊಣೆ ಹೊತ್ತವರು ನೊಬುಹಿರೊ ಯಮಾಮೊಟೊ. 1991ರಲ್ಲಿ ಲೆ ಮಾನ್ಸ್ ರೇಸು ಗೆದ್ದ ಮಾಜ್ದಾದ ರೋಟರಿ ಎಂಜಿನ್‌ ಕೆಲಸದಲ್ಲಿ ಪಳಗಿದ ಕೈ. ವಿನ್ಯಾಸ ಮಸಾಶಿ ನಕಾಯಾಮಾ ಅವರದು. ಅವರ ಕಾರಿನ ಉದ್ದ 3,915 ಮಿಲಿಮೀಟರ್. ಅಂದರೆ 1989ರ ಮೂಲ ಕಾರಿಗಿಂತಲೂ ಗಿಡ್ಡ! ಜಪಾನಿನಲ್ಲಿ ಮಾರುವ 1.5 ಲೀಟರ್‌ನ ಸಾದಾ ಮಾದರಿ 2015ರಲ್ಲಿ ಬಂದಾಗ ತೂಗುತ್ತಿದ್ದುದು 990 ಕಿಲೋ. ಬಾನೆಟ್ಟು, ಡಿಕ್ಕಿಯ ಬಾಗಿಲು, ಮುಂದಿನ ಫೆಂಡರ್‌ಗಳು ಅಲ್ಯೂಮಿನಿಯಂ. ಚಕ್ರಕ್ಕೆ ಐದು ನಟ್ಟುಗಳಿದ್ದ ಕಡೆ ನಾಲ್ಕು ಸಾಕೆಂದು ತೀರ್ಮಾನಿಸಿದರು. ಒಂದು ನಟ್ಟು ಎಷ್ಟು ತೂಗೀತು ಎನ್ನಬೇಡಿ. ಕಾರು ಹಗುರವಾಗಿದ್ದರಿಂದಲೇ ನಾಲ್ಕು ಸಾಕಾಯಿತು, ನಾಲ್ಕೇ ಇರುವುದರಿಂದ ಕಾರು ಇನ್ನಷ್ಟು ಹಗುರವಾಯಿತು. ಅದೇ ಸರಪಳಿ, ಈಗ ಹಿಮ್ಮುಖವಾಗಿ.

ಈ ಕಾರಿನ ಚೆಲುವು ನೋಡಬೇಕಾದರೆ ಡ್ರೈವರ್ ಸೀಟಿನಲ್ಲೇ ಕೂರಬೇಕು. ಎದುರಿಗೆ ಎರಡೂ ಫೆಂಡರ್‌ಗಳ ಏರು ಕಾಣುತ್ತದೆ, ಮುಂಚಕ್ರ ಎಲ್ಲಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಬಾಗಿಲಿನ ಒಳಮೇಲಂಚಿಗೂ ಹೊರಮೈಯ ಬಣ್ಣವನ್ನೇ ಬಳಿದಿದ್ದಾರೆ. ಹಾಗಾಗಿ ಫೆಂಡರ್‌ನ ಗೆರೆ ಗಾಜು ದಾಟಿ ನಿಮ್ಮ ಮೊಣಕೈವರೆಗೂ ಹರಿದು ಬಂದಂತೆ ಇರುತ್ತದೆ. ಬಾನೆಟ್ಟು ಅಷ್ಟು ತಗ್ಗಿರುವುದಕ್ಕೂ ಕಾರಣವಿದೆ. ಪಾದಚಾರಿಗೆ ಡಿಕ್ಕಿಯಾದರೆ ತಲೆಗೂ ಎಂಜಿನ್ನಿಗೂ ನಡುವೆ ಜಾಗ ಇರಲೇಬೇಕು. ಆ ಗಳಿಗೆಯಲ್ಲಿ ತಾನಾಗಿ ಮೇಲೇಳುವ ಬಾನೆಟ್ಟು ಇಟ್ಟು, ಉಳಿದ ಹೊತ್ತಿಗೆ ಅದನ್ನು ತಗ್ಗಾಗಿ ಉಳಿಸಿಕೊಂಡರು. ದೀಪಗಳು ಎಲ್‌ಇಡಿ ಆದ್ದರಿಂದ ಪುಟ್ಟವಾದವು, ಮೂತಿಯೂ ಗಿಡ್ಡವಾಯಿತು. ಮಾಡಿನ ಬಟ್ಟೆಗೆ ಮೋಟಾರಿಲ್ಲ. ನಡುವಿನ ಚಿಲಕ ಬಿಚ್ಚಿ, ಕೂತಲ್ಲಿಂದಲೇ ಒಂದು ಕೈಯಲ್ಲಿ ಹಿಂದಕ್ಕೆ ಮಡಚಿದರಾಯಿತು.

ಮೊದಲ ಮಿಯಾಟಾದ ನಗುಮುಖ ಇದಕ್ಕಿಲ್ಲ, ಕಣ್ಣು ಕಿರಿದಾಗಿಸಿ ಗುರಾಯಿಸುತ್ತದೆ ಎಂದು ಹಳೆಯ ಅಭಿಮಾನಿಗಳ ತಕರಾರು. ನಾನು ನಕಾಯಾಮಾ ಪರ. ಹೆಸರಾಂತ ಕಾರಿಗೆ ಹೊಸ ರೂಪ ಕೊಡುವವನ ಮುಂದೆ ಸುಲಭದ ದಾರಿಯೊಂದು ಯಾವಾಗಲೂ ತೆರೆದಿರುತ್ತದೆ: ಹಳೆಯ ಮುಖವನ್ನೇ ತಂದು ಹೊಸ ಮೈಗೆ ಅಂಟಿಸುವುದು. ಫೋರ್ಡ್ 2002ರ ಥಂಡರ್‌ಬರ್ಡ್‌ನಲ್ಲಿ ಐವತ್ತರ ದಶಕದ ದುಂಡು ದೀಪ, ದುಂಡು ಕಿಟಕಿಗಳನ್ನು ಮರಳಿ ತಂದಿತು. 2005ಕ್ಕೆ ಕಾರೇ ನಿಂತುಹೋಯಿತು. ಫಿಯೆಟ್ 124 ಸ್ಪೈಡರ್ ಇನ್ನೂ ಹತ್ತಿರದ ನಿದರ್ಶನ. ಇದೇ ಮಾಜ್ದಾದ ಅಸ್ಥಿಪಂಜರ, ಹಿರೋಷಿಮಾದ್ದೇ ಕಾರ್ಖಾನೆ. ಆದರೆ 1966ರ ಫಿಯೆಟ್‌ನ ಛಾಯೆ ಬೇಕೆಂದು ಸುಮಾರು 14 ಸೆಂಟಿಮೀಟರ್ ಉದ್ದ ಮಾಡಿದರು. ಮೂತಿಯಲ್ಲಿ, ಹಿಂಬದಿಯಲ್ಲಿ ಸುಮ್ಮನೆ ತೂಗಾಡುವ ಆ ಉದ್ದ ನನಗೆ ಒಪ್ಪಿಗೆಯಾಗುವುದಿಲ್ಲ.

2018ರಲ್ಲಿ 2 ಲೀಟರ್ ಎಂಜಿನ್ನನ್ನು ಪರಿಷ್ಕರಿಸುವಾಗಲೂ ಟರ್ಬೊ ಜೋಡಿಸುವ ಗೋಜಿಗೆ ಹೋಗಲಿಲ್ಲ. ಪಿಸ್ಟನ್ ಒಂದೊಂದರಿಂದ 27 ಗ್ರಾಂ, ಕನೆಕ್ಟಿಂಗ್ ರಾಡ್ ಒಂದೊಂದರಿಂದ 41 ಗ್ರಾಂ ಇಳಿಸಿದರು. ನಿಮಿಷಕ್ಕೆ 6,800 ಸುತ್ತಿಗೆ ನಿಲ್ಲುತ್ತಿದ್ದ ಎಂಜಿನ್ 7,500 ಸುತ್ತು ತಿರುಗತೊಡಗಿತು. ಐದನೇ ತಲೆಮಾರು ಒಂದು ವೇಳೆ ಬ್ಯಾಟರಿಯ ಕಾರೇ ಆದರೆ, ಲೆಕ್ಕ ಗ್ರಾಂಗಳಿಂದ ನೂರಾರು ಕಿಲೋಗೆ ಜಿಗಿಯುತ್ತದೆ. ಬ್ಯಾಟರಿಯನ್ನು ಸೀಟಿನ ಕೆಳಗೆ ಹಾಸಿದರೆ ಸೀಟು ಮೇಲೇರುತ್ತದೆ, ಹಿಂದಿಟ್ಟರೆ ಮುಂಚಕ್ರಕ್ಕೂ ಹಿಂಚಕ್ರಕ್ಕೂ ಸಮಪಾಲಾಗಿದ್ದ ತೂಕ ತಪ್ಪುತ್ತದೆ. ಆ ಹೊಸ ಕಾರಿನ ತಾಂತ್ರಿಕ ವಿವರಗಳ ಹಾಳೆ ಕೈಗೆ ಬಂದ ದಿನ ಅಶ್ವಶಕ್ತಿಯ ಸಾಲನ್ನು ದಾಟಿ ತೂಕದ ಸಾಲನ್ನೇ ನಾನು ಮೊದಲು ಓದುವುದು.