ದುಃಖಕ್ಕೊಂದು ಶ್ರುತಿ

ಅಳುವ ಹಾಡನ್ನು ದುಡ್ಡು ಕೊಟ್ಟು ಕೇಳುವವರು ಯಾರು? ವ್ಯಾಪಾರಿಗೆ ಈ ಪ್ರಶ್ನೆ ಸಹಜವೇ. 1989ರಲ್ಲಿ ಇಂಗ್ಲೆಂಡಿನ ‘ದಿ ಕ್ಯೂರ್’ ವಾದ್ಯವೃಂದವು ‘ಡಿಸಿಂಟಿಗ್ರೇಷನ್’ ಎಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದಾಗ, ಅಮೆರಿಕದಲ್ಲಿ ಅದನ್ನು ಮಾರಬೇಕಾಗಿದ್ದ ಸಂಸ್ಥೆಯವರು ಗಾಬರಿಯಾದರಂತೆ. ಇದು ವ್ಯಾಪಾರದ ಆತ್ಮಹತ್ಯೆಯೆಂದು ಅವರು ಬಗೆದುದನ್ನು ವೃಂದದ ನಾಯಕ ರಾಬರ್ಟ್ ಸ್ಮಿತ್ ಮುಂದೆ ಹೇಳಿಕೊಂಡಿದ್ದಾರೆ.

ಗಾಬರಿಗೆ ಕಾರಣವೂ ಇತ್ತು. 1987ರಲ್ಲಷ್ಟೇ ಈ ವೃಂದ ಲವಲವಿಕೆಯ ಹಾಡುಗಳಿಂದ ಅಮೆರಿಕದವರ ಮನಸ್ಸನ್ನು ಗೆದ್ದಿತ್ತು. ಹೊಸ ಕೃತಿಯಾದರೋ ಎಪ್ಪತ್ತು ನಿಮಿಷಗಳಿಗೂ ಮೀರಿದ ಮಂದಗತಿಯ ವಿಷಾದ. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ, ಭಯ ವಿಷಾದಗಳನ್ನೇ ನೆಚ್ಚಿದ ಸಂಗೀತಕ್ಕೆ ‘ಗಾಥಿಕ್ ರಾಕ್’ ಎಂದು ಹೆಸರು. ಸ್ಮಿತ್ ಆ ಹಣೆಪಟ್ಟಿಯನ್ನು ಒಪ್ಪದಿದ್ದರೂ ಈ ಕೃತಿಗೆ ಅದು ಅಂಟಿಕೊಂಡೇ ಇದೆ. ಆಗ ಅವರಿಗೆ ಮೂವತ್ತು ತುಂಬುತ್ತಿತ್ತು. ಆ ವಯಸ್ಸಿನೊಳಗೆ ತೂಕದ ಕೃತಿಯೊಂದನ್ನು ಮಾಡಬೇಕೆಂಬ ತಳಮಳ ಅವರದು. ಅದೇ ಕಾಲಕ್ಕೆ ಬಾಲ್ಯದ ಗೆಳೆಯ ಲಾಲ್ ಟಾಲ್‌ಹರ್ಸ್ಟ್ ಕುಡಿತದ ದೆಸೆಯಿಂದ ವೃಂದವನ್ನು ಬಿಡಬೇಕಾಯಿತು. ‘ಮದ್ದು’ ಎಂಬ ಹೆಸರಿನ ವೃಂದ ತನ್ನ ಕೃತಿಗೆ ‘ಛಿದ್ರವಾಗುವಿಕೆ’ ಎಂದು ಹೆಸರಿಟ್ಟುದು ಸುಮ್ಮನೆ ಅಲ್ಲ.

ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಇದಕ್ಕೆ ಐದರಲ್ಲಿ ಮೂರೂವರೆ ನಕ್ಷತ್ರ ಕೊಟ್ಟಿತು. ಹೊಸ ಹಾದಿಯನ್ನೇನೂ ತುಳಿದಿಲ್ಲ, ಬಲ್ಲ ವಿದ್ಯೆಯನ್ನೇ ಹದಗೊಳಿಸಿದ್ದಾರೆ ಎಂಬುದು ಅದರ ತೀರ್ಪಿನ ಸಾರ. ಇದು ಅರ್ಧ ಮಾತ್ರ ಒಪ್ಪತಕ್ಕ ಮಾತು. 1982ರ ಅವರ ಧ್ವನಿಮುದ್ರಿಕೆಯಲ್ಲೂ ಕತ್ತಲೆಯಿತ್ತು, ನಿಜ. ಆದರೆ ಅದು ಕೇಳುವವನ ಮೇಲೆರಗುತ್ತಿತ್ತು. ಇಲ್ಲಿನದು ಅವನಿಗಾಗಿ ಕಾಯುತ್ತದೆ. ಮೊದಲ ಹಾಡು ‘ಪ್ಲೇನ್‌ಸಾಂಗ್’ ಗಾಳಿಗಂಟೆಗಳ ಸಣ್ಣ ಸದ್ದಿನಿಂದ ತೊಡಗಿ, ಒಮ್ಮೆಗೇ ಸಿಂಥಸೈಸರಿನ ಭೋರ್ಗರೆತವಾಗಿ ಏಳುತ್ತದೆ. ಎರಡು ನಿಮಿಷಗಳು ಕಳೆದ ಮೇಲೆಯೇ ಕಂಠ ಕೇಳಿಸುವುದು. ಆಲಾಪನೆಗೆ ಒಗ್ಗಿದ ಕಿವಿಗೆ ಈ ನಿಧಾನದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೋಕವೆಂಬುದು ಒಬ್ಬನ ಪಾಡು, ಕರುಣವೆಂಬುದು ಸಹೃದಯರೆಲ್ಲರ ರಸ ಎಂದು ನಮ್ಮ ಆಲಂಕಾರಿಕರು ಬಗೆದರಲ್ಲವೆ? ಆ ಮಾರ್ಪಾಟಿಗೆ ಅವಕಾಶ ಬೇಕು. ಸ್ಮಿತ್ ಅದನ್ನು ವಾದ್ಯಗಳಿಂದ ಒದಗಿಸುತ್ತಾರೆ. ಹಾಡುಗಾರ ಬಾಯಿ ತೆರೆಯುವ ಹೊತ್ತಿಗೆ ದುಃಖ ನಮ್ಮದೂ ಆಗಿರುತ್ತದೆ.

ಕೊರತೆಯಿಲ್ಲವೆಂದಲ್ಲ. ಉತ್ತರಾರ್ಧದಲ್ಲಿ ಒಂದೇ ಬಣ್ಣ ದಟ್ಟವಾಗಿ, ವಿಷಾದ ಅಲ್ಲಲ್ಲಿ ತನ್ನನ್ನೇ ಮುದ್ದಿಸಿಕೊಳ್ಳುತ್ತದೆ. ಈ ದೃಷ್ಟಿಯಿಂದ ‘ಲವ್‌ಸಾಂಗ್’ ಎಂಬ ಚಿಕ್ಕ ಹಾಡು ಬಹಳ ಮುಖ್ಯ. ಮದುವೆಯ ಉಡುಗೊರೆಯಾಗಿ ಪತ್ನಿಗೆ ಬರೆದ ಈ ಹಾಡಿನಲ್ಲಿ ಸಡಗರವಿಲ್ಲ, ನೇರವಾದ ಮಾತಿದೆ. ಸುತ್ತಲಿನ ಕತ್ತಲೆಯಿಂದಲೇ ಅದರ ಬೆಳಕು ಕಾಣುವುದು.

ವ್ಯಾಪಾರಿಯ ಲೆಕ್ಕ ತಪ್ಪಿತು. ಧ್ವನಿಮುದ್ರಿಕೆ ಬ್ರಿಟನ್ನಿನಲ್ಲಿ 3ನೆಯ, ಅಮೆರಿಕದಲ್ಲಿ 12ನೆಯ ಸ್ಥಾನ ಪಡೆಯಿತು. ‘ಲವ್‌ಸಾಂಗ್’ ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೇರಿತು. ವಿಮರ್ಶಕರ ಲೆಕ್ಕವೂ ತಿದ್ದುಪಡಿಯಾಯಿತು. ಮೂರೂವರೆ ನಕ್ಷತ್ರದ ಅದೇ ಪತ್ರಿಕೆ 2003ರಲ್ಲಿ ಶ್ರೇಷ್ಠ ಐನೂರರ ಪಟ್ಟಿ ಮಾಡಿದಾಗ ಇದಕ್ಕೆ 326ನೆಯ ಸ್ಥಾನ ಕೊಟ್ಟಿತು. 2020ರ ಪಟ್ಟಿಯಲ್ಲಿ 116ನೆಯದು. ವಾರದೊಳಗೆ ತೀರ್ಪು ಬರೆಯಬೇಕಾದ ವಿಮರ್ಶಕನಿಗೆ ಇದರಲ್ಲೊಂದು ಪಾಠವಿದೆ. ಈ ಲೇಖಕನೂ ಅದಕ್ಕೆ ಹೊರತಲ್ಲ. ಹೊಸದಾಗಿ ಕೇಳುವವರು ಬಿಡಿಹಾಡುಗಳನ್ನು ಆರಿಸದೆ, ಬಿಡುವಾದ ಒಂದು ರಾತ್ರಿ ಇಡಿಯಾಗಿ ಕೇಳುವುದು ಒಳ್ಳೆಯದು.