ಬೆರಳಿಗೆ ಸುತ್ತಿದ ನಾರು

ಬಾಳೆದಿಂಡು ಹೆಚ್ಚುವುದನ್ನು ನಾನು ಕಲಿತದ್ದು ಸೇಲಂನಲ್ಲಿ, ಕನ್ನಡ ಮಾತಾಡುವ ದೇವಾಂಗರ ಮನೆಯೊಂದರಲ್ಲಿ. ಬಿಲ್ಲೆ ಕೊಯ್ದಂತೆಲ್ಲ ನಾರಿನ ಎಳೆ ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಹೋಗಬೇಕು. ಕಂಡಿಕೆಗೆ ನೂಲು ಸುತ್ತಿ ಪಳಗಿದ ನೇಕಾರರ ಕೈಗೆ ಅದೇನು ಹೊಸದಲ್ಲ, ಎಡವಿದವನು ನಾನೇ. ‘ನಾರು ಬಿಟ್ರೆ ಬ್ಲೇಡಿಗೆ ಸುತ್ಕೊಳ್ತದೆ, ನೋಡಿ ಕೊಯ್ಯಪ್ಪಾ’ ಎಂದು ಅಜ್ಜಿ ಗದರಿದರು. ಅವರ ಮನೆಯ ಮಿಕ್ಸಿ ತಮಿಳುನಾಡು ಸರ್ಕಾರ 2011ರಿಂದ ಪುಕ್ಕಟೆ ಹಂಚಿದವುಗಳಲ್ಲೊಂದು.

ಬಿಲ್ಲೆಗಳು ಕಪ್ಪಾಗದಂತೆ ನೀರುಮಜ್ಜಿಗೆಯಲ್ಲಿ ಮುಳುಗಿಸಿಡಬೇಕು. ಆಮೇಲೆ ಅದೇ ಮಜ್ಜಿಗೆಯೊಡನೆ ರುಬ್ಬಿ, ಹಳೆಯ ಪಂಚೆಯ ತುಂಡಿನಲ್ಲಿ ಹಿಂಡಿ, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ. ಸ್ಟೀಲ್ ಜರಡಿ ಬೇಡ. ಅದರಲ್ಲಿ ಇಳಿಯುವ ಒರಟು ಗಸಿ ಜ್ವರದಲ್ಲಿ ಬಾಯಿ ಕೆಟ್ಟವರ ಗಂಟಲಿಗೆ ತೊಡಕು.

ಕಿಡ್ನಿಯ ಕಲ್ಲನ್ನು ಈ ರಸ ಕರಗಿಸುತ್ತದೆಂಬ ನಂಬಿಕೆ ಕಾವೇರಿಯ ಎರಡೂ ದಡದಲ್ಲಿದೆ. ಅದರ ಪುಣ್ಯದಲ್ಲಿ ದೊಡ್ಡ ಪಾಲು ನೀರಿನದೆಂಬುದು ನನ್ನ ಲೆಕ್ಕ. ಕಲ್ಲಿದ್ದವರು ಧಾರಾಳವಾಗಿ ನೀರು ಕುಡಿಯಲಿ ಎಂದು ವೈದ್ಯರೂ ಹೇಳುತ್ತಾರಲ್ಲ. ಆದರೆ ಸೇಲಂ ಪಕ್ಕದ ಧರ್ಮಪುರಿಯಲ್ಲಿ ನೀರಿನ ಮಾತು ಹಗುರವಲ್ಲ. ಅಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಸಾಂದ್ರವಾಗುತ್ತದೆ. 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಯೋಜನೆಯ ಕಾವೇರಿ ನೀರು ನಲ್ಲಿಗೆ ಬರುತ್ತಿದ್ದರೆ, ಮಜ್ಜಿಗೆ ಕಡೆಯುವುದಕ್ಕೂ ಅದನ್ನೇ ಬಳಸಿ.

ಸೋರೆಕಾಯಿಯ ರಸದ ವಿಷಯದಲ್ಲಿ ನಾನು ಮಡಿವಂತ. ಹಸಿ ತುಂಡನ್ನು ನಾಲಿಗೆಗೆ ಮುಟ್ಟಿಸದೆ ರುಬ್ಬುವುದಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಸೋರೆ ಮತ್ತು ಹಾಗಲದ ರಸ ಬೆರೆಸಿ ಕುಡಿದು ತೀರಿಕೊಂಡರು. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಹಾಗಲದ ಕಹಿ ಜೊತೆಗಿದ್ದರೆ ಅದರ ಸುಳಿವು ಸಿಗುವುದು ಹೇಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಆಮೇಲೆ ಹೇಳಿದ್ದೂ ಅದನ್ನೇ: ಮೊದಲು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸ ಬೆರೆಸಬೇಡಿ. ನಿಂಬೆ ಹಿಂಡಿ ಕಹಿ ಮುಚ್ಚುವ ಜಾಣತನವಂತೂ ಬೇಡವೇ ಬೇಡ.

ಕ್ಯಾರೆಟ್, ಬೀಟ್ರೂಟ್ ಸುಲಭದವು, ಬಣ್ಣವೂ ಚೆನ್ನ. ಆದರೆ ಸಿಹಿಯೂ ಇದೆ, ಹಿಂಡಿದ ಮೇಲೆ ನಾರು ಹೆಚ್ಚು ಉಳಿಯುವುದಿಲ್ಲ, ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಇಡೀ ತರಕಾರಿಯೇ ಮೇಲು.

ಜರ್ಮನಿಯ ವೈದ್ಯ ಮ್ಯಾಕ್ಸ್ ಗೆರ್ಸನ್ ಹೆಸರಿನ ಪದ್ಧತಿಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 13 ಲೋಟದವರೆಗೂ ರಸ ಕುಡಿಸುತ್ತಾರೆ. ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನಲು ಪುರಾವೆಯಿಲ್ಲ. ನನ್ನದು ಒಂದೇ ಲೋಟ, ಹಿಂಡಿದ ತಕ್ಷಣ, ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ.

ಕಿಡ್ನಿ ಸೋತವರು, ಡಯಾಲಿಸಿಸ್‌ನಲ್ಲಿರುವವರು ಮಾತ್ರ ವೈದ್ಯರನ್ನು ಕೇಳದೆ ಆ ಒಂದು ಲೋಟವನ್ನೂ ಮುಟ್ಟಬೇಡಿ. ದಿಂಡಿನಲ್ಲಿ ಪೊಟ್ಯಾಸಿಯಂ ಇದೆ.