ಎಂಜಿನಿಯರ್ ಕಂಡರು, ಕೆಲಸ ಕಾಣಲಿಲ್ಲ

ಕಿತ್ತೂರಿಗೆ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯವಿದೆ. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ್ದು. ಶಿಲ್ಪಿಯ ಹೆಸರು ತಿಪ್ಪೋಜ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ತಿಪ್ಪೋಜ ಏನು ಕೆಲಸ ಮಾಡಿದನೆಂದು ವಿವರಿಸುವುದು ನಿಮಗೆ ಕಷ್ಟವಾಗದು. ಕಂಬಗಳು ಕಣ್ಣೆದುರಿಗೇ ಇವೆ. ಆದರೆ ಹಿಂತಿರುಗುವ ಬಸ್ಸಿನಲ್ಲಿ ಒಬ್ಬ ಹುಡುಗಿ, ‘ಸರ್, ನಮ್ಮಣ್ಣ ಬೆಂಗಳೂರಾಗ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಳಗ ಇಂಜಿನಿಯರ್ ಅದಾನ್ರಿ. ಅಂವ ದಿನಾ ಏನ್ ಕೆಲಸ ಮಾಡ್ತಾನ್ರಿ?’ ಎಂದು ಕೇಳಿದರೆ ಏನು ಹೇಳುವಿರಿ?

ಸಂಬಳ, ಗಾಜಿನ ಕಟ್ಟಡ, ಅಮೆರಿಕ ಪ್ರವಾಸ ಎನ್ನುವಷ್ಟರಲ್ಲಿ ನಮ್ಮ ಉತ್ತರ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಇವು ಕೆಲಸದ ಫಲ ಅಥವಾ ಕೆಲಸದ ಸುತ್ತಲಿನ ಗೋಡೆ; ಕೆಲಸವಲ್ಲ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡು ಕೃತಿಗಳನ್ನು ಪರಿಶೀಲಿಸೋಣ. ಎರಡೂ 2006ರವು. ಮೊದಲನೆಯದು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಸಿದ್ಧಪಡಿಸಿದ ಸಮಾಜಶಾಸ್ತ್ರೀಯ ವರದಿ. ಎರಡನೆಯದು ಕ್ಯಾರಲ್ ಉಪಾಧ್ಯ ಅವರ ಸಹಯೋಗದಲ್ಲಿ ಗೌತಮ್ ಸೋಂಟಿ ನಿರ್ದೇಶಿಸಿದ ‘ಕೋಡಿಂಗ್ ಕಲ್ಚರ್’ ಎಂಬ ಸಾಕ್ಷ್ಯಚಿತ್ರ ಮಾಲೆ. ಇದರಲ್ಲಿ ಮೂರು ಚಿತ್ರಗಳಿವೆ: ಗ್ರಾಹಕರ ಕೆಲಸವನ್ನು ಗುತ್ತಿಗೆಗೆ ಪಡೆದು ಮಾಡಿಕೊಡುತ್ತಿದ್ದ ಮೈಂಡ್‌ಟ್ರೀ, ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್‌ನ ಬೆಂಗಳೂರು ಕೇಂದ್ರ, ಮತ್ತು ಜುಲೈ ಸಿಸ್ಟಮ್ಸ್ ಎಂಬ ಪುಟ್ಟ ಹೊಸ ಕಂಪನಿ. ‘ಸಾಫ್ಟ್‌ವೇರ್ ಕಂಪನಿ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು ಮೂರು ಬೇರೆ ಬೇರೆ ಬಗೆಯ ದುಡಿಮೆ ಎಂಬುದು ಈ ಆಯ್ಕೆಯಿಂದಲೇ ತಿಳಿಯುತ್ತದೆ.

ಇಲ್ಲಿ ಎಂಜಿನಿಯರನ್ನು ಆಳುವ ಬಗೆ ಚೆನ್ನಾಗಿ ಬಂದಿದೆ. ಕಾರ್ಖಾನೆಯಲ್ಲಿ ಮೇಸ್ತ್ರಿ ಬೆನ್ನ ಹಿಂದೆ ನಿಲ್ಲುತ್ತಾನೆ. ಇಲ್ಲಿ ಮೇಸ್ತ್ರಿ ಕಾಣುವುದಿಲ್ಲ. ಅವನ ಬದಲು ಗಂಟೆಗಳ ಲೆಕ್ಕ ಬರೆಯುವ ಪಟ್ಟಿ, ಗುಣಮಟ್ಟದ ವಿಧಿವಿಧಾನ, ತಂಡದ ಒತ್ತಡ ಇವೆ. ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತೂ ನಿಯಂತ್ರಣದ ಒಂದು ಉಪಕರಣವೇ ಎಂದು ಸಂಶೋಧಕರು ವಾದಿಸುತ್ತಾರೆ. ವಾದ ಸರಿಯಾಗಿದೆ. ದೂರದ ಗ್ರಾಹಕನಿಗೆ ಬೆಳಗಾಗುವಾಗ ನಮ್ಮಲ್ಲಿ ಸಂಜೆ. ದೂರವಾಣಿ ಸಭೆ ಮುಗಿಯುವಷ್ಟರಲ್ಲಿ ಮನೆಯವರು ಮಲಗಿರುತ್ತಾರೆ.

ದೇಗಾಂವದಂಥ ಊರಿಗೆ ಇನ್ನೂ ಮುಖ್ಯವಾದ ಮಾತೊಂದಿದೆ. ಕ್ಯಾರಲ್ ಉಪಾಧ್ಯ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಇದನ್ನು ಬಿಡಿಸಿ ಬರೆದರು. ಈ ಉದ್ಯಮ ಪ್ರತಿಭೆಯೊಂದನ್ನೇ ನೋಡುತ್ತದೆ ಎಂಬುದು ಪ್ರಚಲಿತ ನಂಬಿಕೆ. ಆದರೆ ಅವರ ಅಧ್ಯಯನದಲ್ಲಿ ಸಿಕ್ಕವರು ಹೆಚ್ಚಾಗಿ ನಗರದ, ಮೇಲ್ಜಾತಿಯ, ಓದಿದ ತಂದೆತಾಯಿಯರ ಮಕ್ಕಳು. ಹಳ್ಳಿಯಿಂದ ಬಂದವರು ತೀರ ವಿರಳ. ಆಯ್ಕೆಯಲ್ಲಿ ‘ಸಂವಹನ ಕೌಶಲ’ಕ್ಕೆ ಕೊಡುವ ತೂಕವೇ ಕನ್ನಡ ಮಾಧ್ಯಮದ ಹಳ್ಳಿ ಹುಡುಗರನ್ನು ಹೊರಗಿಡುವ ಜರಡಿಯಾಗುತ್ತದೆ.

ಇಷ್ಟನ್ನು ಒಪ್ಪಿಕೊಂಡೂ ನನ್ನದೊಂದು ಆಕ್ಷೇಪಣೆಯಿದೆ. ವರದಿಯನ್ನು ಮುಚ್ಚಿಟ್ಟ ಮೇಲೂ ಆ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕೆಲಸದ ಸ್ಥಳ, ಕೆಲಸದ ವೇಳೆ, ಕೆಲಸಗಾರನ ಮನಸ್ಸು ಕಂಡವು. ಪರದೆಯ ಮೇಲಿದ್ದ ಕೆಲಸದ ಕಡೆಗೆ ಸಮಾಜಶಾಸ್ತ್ರದ ಗಮನ ಹೆಚ್ಚು ಹರಿಯಲಿಲ್ಲ. ವಿಜ್ಞಾನದ ಓದುಗರಾದ ನಮಗೆ ಬೇಕಾದ್ದು ಅದೇ.

2000ದ ಸಮಸ್ಯೆಯನ್ನು ನೆನಪಿಸಿಕೊಳ್ಳಿ. ಭಾರತದ ಸಾವಿರಾರು ಎಂಜಿನಿಯರುಗಳಿಗೆ ಅನ್ನ ಕೊಟ್ಟ ಕೆಲಸವದು. ಹಿಂದೆ ಕಂಪ್ಯೂಟರಿನ ಸ್ಮೃತಿಕೋಶ ದುಬಾರಿಯಾಗಿತ್ತು. ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದರು. 1935ರಲ್ಲಿ ಹುಟ್ಟಿದವನ ವಯಸ್ಸು 1999ರಲ್ಲಿ 99–35, ಅಂದರೆ 64. ಮರುವರ್ಷ 00–35, ಅಂದರೆ ಋಣ 35! ಪಿಂಚಣಿಯ ಕಡತದಲ್ಲಿ ಆತ ಇನ್ನೂ ಹುಟ್ಟಿಯೇ ಇಲ್ಲ. ಇದನ್ನು ಸರಿಪಡಿಸುವುದು ಗಣಿತದ ಮಟ್ಟಿಗೆ ಐದನೆಯ ತರಗತಿಯ ಲೆಕ್ಕ. ಕಷ್ಟವಿದ್ದದ್ದು ಬೇರೆ ಕಡೆ. ಲಕ್ಷಗಟ್ಟಲೆ ಸಾಲುಗಳ ಕೋಬಾಲ್ ಪ್ರೋಗ್ರಾಮಿನಲ್ಲಿ ಆ ಎರಡು ಅಂಕಿಗಳು ಎಲ್ಲೆಲ್ಲಿ, ಯಾವ ಯಾವ ಹೆಸರಿನಲ್ಲಿ ಅಡಗಿವೆ? ಬರೆದವರು ಎಂದೋ ನಿವೃತ್ತರಾಗಿದ್ದಾರೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಏನು ಮುರಿಯುತ್ತದೆ? ಜೊತೆಗೆ ಅಧಿಕ ವರ್ಷದ ತೊಡಕು: 100ರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, 400ರಿಂದ ಭಾಗವಾದರೆ ಅಧಿಕ ವರ್ಷ. ಮೊದಲರ್ಧವನ್ನಷ್ಟೇ ಬಲ್ಲವನ ಪ್ರೋಗ್ರಾಮ್ 2000ದ ಫೆಬ್ರವರಿ 29ನ್ನು ನುಂಗಿಹಾಕುತ್ತಿತ್ತು. ಎರಡನ್ನೂ ಅರಿಯದೆ ನಾಲ್ಕರಿಂದ ಮಾತ್ರ ಭಾಗಿಸಿದವನು ಪಾರಾದ! ಅಜ್ಞಾನವೂ ಒಮ್ಮೊಮ್ಮೆ ಕೈ ಹಿಡಿಯುತ್ತದೆ.

ದೊಡ್ಡ ಕಂಪನಿಯ ಎಂಜಿನಿಯರನ ದಿನ ಬಹುಮಟ್ಟಿಗೆ ಇಂಥದೇ. ಬರೆಯುವುದಕ್ಕಿಂತ ಓದುವುದು ಹೆಚ್ಚು, ಅದೂ ಬೇರೆಯವರು ಬರೆದದ್ದನ್ನು. ಹತ್ತು ಸಾಲು ತಿದ್ದಲು ಎರಡು ದಿನ ಓದಬೇಕು, ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸಬೇಕು, ಮಾಡಿದ ಬದಲಾವಣೆಯನ್ನು ಸಹೋದ್ಯೋಗಿಗೆ ಒಪ್ಪಿಸಬೇಕು. ಯಾಕೆ ಹಾಗೆ ಮಾಡಿದೆನೆಂದು ಬರೆದಿಡಬೇಕು. ಈಗ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಕ್ಷಣದಲ್ಲಿ ಕೋಡ್ ಬರೆದುಕೊಡುತ್ತವೆ. ಓದಿ ಪರಿಶೀಲಿಸುವ ಹೊರೆ ಅದರಿಂದ ಕಡಿಮೆಯಾಗುವುದಿಲ್ಲ. ‘ಸಂವಹನ’ ಕೆಲಸಕ್ಕೆ ನಿಜಕ್ಕೂ ಬೇಕಾಗುವುದು ಇಲ್ಲಿ: ಬರೆದದ್ದನ್ನು ಅರ್ಥಮಾಡಿಕೊಂಡು ತನ್ನ ತರ್ಕವನ್ನು ಸ್ಪಷ್ಟವಾಗಿ ಬರೆಯುವುದರಲ್ಲಿ. ಸಂದರ್ಶನದಲ್ಲಿ ಅಳೆಯುವ ಇಂಗ್ಲಿಷ್ ಉಚ್ಚಾರಣೆ ಇದಲ್ಲ. ಕೆಲಸದ ಒಳಗನ್ನು ನೋಡಿದ್ದರೆ ಈ ಸಂಶೋಧಕರ ಟೀಕೆಗೆ ಇನ್ನಷ್ಟು ಬಲ ಬರುತ್ತಿತ್ತು. ಜರಡಿ ಅನ್ಯಾಯದ್ದು ಎಂದಷ್ಟೇ ಅಲ್ಲ, ಕೆಲಸಕ್ಕೆ ಸಂಬಂಧಿಸಿದ್ದೂ ಅಲ್ಲ ಎಂದು ತೋರಿಸಬಹುದಾಗಿತ್ತು.

ಚಿತ್ರಗಳಲ್ಲಿದ್ದ ಮೂರೂ ಕಂಪನಿಗಳು ಬೇರೆಯವರ ಪಾಲಾದವು. ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು, ಜುಲೈಯನ್ನು 2018ರಲ್ಲಿ ಸಿಸ್ಕೊ. ಮೈಂಡ್‌ಟ್ರೀ 2019ರಲ್ಲಿ ಎಲ್ ಅಂಡ್ ಟಿ ಕೈಗೆ ಹೋಗಿ 2022ರಲ್ಲಿ ವಿಲೀನವಾಯಿತು. ಆದರೆ 1995ರಲ್ಲಿ ಸನ್ ಹೊರತಂದ ಜಾವಾ ಭಾಷೆ ಈಗಲೂ ಬಳಕೆಯಲ್ಲಿದೆ. ಕಂಪನಿಯ ಆಯಸ್ಸಿಗಿಂತ ಕೋಡಿನ ಆಯಸ್ಸು ದೊಡ್ಡದು. ಆದ್ದರಿಂದಲೇ ಓದುವ ಕೆಲಸ ಮುಗಿಯುವುದಿಲ್ಲ.

ತಿಪ್ಪೋಜನ ಹೆಸರು ಉಳಿಯಿತು, ಎಂಜಿನಿಯರನ ಹೆಸರು ಎಲ್ಲೂ ಇಲ್ಲ ಎಂದು ಮರುಗುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್ ಎಂಬ ತಂತ್ರಾಂಶ, ಪ್ರತಿಯೊಂದು ಸಾಲನ್ನೂ ಕೊನೆಯದಾಗಿ ಯಾರು, ಯಾವ ದಿನ ಬದಲಿಸಿದರೆಂದು ತೋರಿಸಬಲ್ಲದು. ಅದನ್ನು ಕೇಳುವ ಆಜ್ಞೆಯ ಹೆಸರು ‘ಬ್ಲೇಮ್’, ಅಂದರೆ ದೂರು. ಸಾಮಾನ್ಯವಾಗಿ ಏನಾದರೂ ಕೆಟ್ಟಾಗಲೇ ಆ ಹೆಸರನ್ನು ಹುಡುಕುತ್ತಾರೆ.